ಸಸ್ಯಗಳು ಆಹಾರ ತಯಾರಿಸುವ ವಿಧಾನವನ್ನು ವಿದ್ಯಾರ್ಥಿಗಳಿಗೆ ತಿಳಿಸಿಕೊಡುವ ಬಗ್ಗೆ ಮಾಹಿತಿ

(ವಿದ್ಯಾರ್ಥಿಗಳು, ಪೋಷಕರು ಹಾಗೂ ಸಾರ್ವಜನಿಕರ ತಿಳಿವಳಿಕೆಗಾಗಿ)

1. ಪೀಠಿಕೆ

ಹಸಿರು ಸಸ್ಯಗಳು ಸೂರ್ಯನ ಬೆಳಕಿನ ಸಹಾಯದಿಂದ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುವ ಕ್ರಿಯೆಗೆ ದ್ಯುತಿಸಂಶ್ಲೇಷಣೆ ಎಂದು ಹೆಸರು. ಈ ವಿಷಯವು ಹಿರಿಯ ಪ್ರಾಥಮಿಕ ತರಗತಿಗಳ ವಿಜ್ಞಾನ ಪಾಠಗಳಲ್ಲಿ ಮೊದಲು ಬರುತ್ತದೆ. ಪ್ರೌಢಶಾಲೆಯಲ್ಲಿ ಇನ್ನಷ್ಟು ವಿವರವಾಗಿ ಮತ್ತೆ ಬರುತ್ತದೆ. ಇದರ ವ್ಯಾಖ್ಯೆಯನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುವುದು ಕಷ್ಟವಲ್ಲ. ಆದರೆ ಹಾಗೆ ಬರೆದ ವಿದ್ಯಾರ್ಥಿಯನ್ನೇ "ಇಷ್ಟು ದೊಡ್ಡ ಮಾವಿನ ಮರದ ತೂಕ ಎಲ್ಲಿಂದ ಬಂತು?" ಎಂದು ಕೇಳಿದಲ್ಲಿ, "ಮಣ್ಣಿನಿಂದ" ಎಂಬ ಉತ್ತರ ಬರುವುದುಂಟು. ವ್ಯಾಖ್ಯೆ ನೆನಪಿನಲ್ಲಿದ್ದರೂ ವಿಷಯ ಮನದಟ್ಟಾಗಿರುವುದಿಲ್ಲ ಎಂಬುದನ್ನು ಇದು ತೋರಿಸುತ್ತದೆ.

ಈ ಕೊರತೆಯು ಕೇವಲ ಅಂಕಗಳಿಗೆ ಸಂಬಂಧಿಸಿದ್ದಲ್ಲ. ಸಸ್ಯದ ಆಹಾರ ಮಣ್ಣಿನಲ್ಲಿದೆ ಎಂದು ತಿಳಿದವರಿಗೆ ಗೊಬ್ಬರ ಹೆಚ್ಚು ಹಾಕಿದಷ್ಟೂ ಬೆಳೆ ಹೆಚ್ಚುತ್ತದೆ ಎಂದು ತೋರುತ್ತದೆ. ಎಲೆಗೆ ಬೀಳುವ ನೆರಳು, ಎಲೆಯನ್ನು ತಿನ್ನುವ ಹುಳು, ಮಳೆಯ ಅಭಾವದಿಂದ ಬಾಡಿದ ಎಲೆ, ಇವುಗಳಿಂದ ಇಳುವರಿ ಏಕೆ ಕುಸಿಯುತ್ತದೆ ಎಂಬುದು ಅವರಿಗೆ ಸ್ಪಷ್ಟವಾಗುವುದಿಲ್ಲ. ವ್ಯವಸಾಯವನ್ನು ಅವಲಂಬಿಸಿದ ಕುಟುಂಬಗಳ ಮಕ್ಕಳಿಗೆ ಈ ಪಾಠವು ಜೀವನೋಪಾಯದ ಪಾಠವೂ ಆಗಿರುತ್ತದೆ. ಆದುದರಿಂದ ಪೋಷಕರು ಮನೆಯಲ್ಲಿ ಮತ್ತು ಶಿಕ್ಷಕರು ಶಾಲೆಯಲ್ಲಿ ಈ ವಿಷಯವನ್ನು ಯಾವ ಕ್ರಮದಲ್ಲಿ ತಿಳಿಸಿಕೊಡಬಹುದು ಎಂಬುದನ್ನು ಮುಂದೆ ವಿವರಿಸಲಾಗಿದೆ.

2. ವಿಷಯದ ಸಾರಾಂಶ

ದ್ಯುತಿಸಂಶ್ಲೇಷಣೆಗೆ ಅವಶ್ಯವಿರುವ ಅಂಶಗಳು ಈ ಕೆಳಕಂಡಂತಿವೆ:

(ಅ) ನೀರು: ಬೇರುಗಳ ಮೂಲಕ ಮಣ್ಣಿನಿಂದ ಹೀರಲ್ಪಟ್ಟು ಕಾಂಡದ ನಾಳಗಳ ಮೂಲಕ ಎಲೆಯನ್ನು ತಲುಪುತ್ತದೆ.

(ಆ) ಇಂಗಾಲದ ಡೈಆಕ್ಸೈಡ್: ಎಲೆಯ ಮೇಲ್ಮೈಯಲ್ಲಿರುವ ಪತ್ರರಂಧ್ರಗಳೆಂಬ ಅತಿ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿಯಿಂದ ಒಳಸೇರುತ್ತದೆ. ಗಾಳಿಯ 10,000 ಭಾಗಗಳಲ್ಲಿ ಈ ಅನಿಲದ ಪ್ರಮಾಣ ಸುಮಾರು 4 ಭಾಗ ಮಾತ್ರ.

(ಇ) ಬೆಳಕು: ಕ್ರಿಯೆಗೆ ಬೇಕಾದ ಶಕ್ತಿಯನ್ನು ಒದಗಿಸುತ್ತದೆ.

(ಈ) ಪತ್ರಹರಿತ್ತು: ಎಲೆಗೆ ಹಸಿರು ಬಣ್ಣ ನೀಡುವ ವಸ್ತು. ಇದು ಬೆಳಕನ್ನು ಹೀರಿಕೊಳ್ಳುತ್ತದೆ.

ಈ ಕ್ರಿಯೆಯಿಂದ ಸಕ್ಕರೆ ತಯಾರಾಗುತ್ತದೆ ಮತ್ತು ಆಮ್ಲಜನಕ ಹೊರಬರುತ್ತದೆ. ಆ ದಿನಕ್ಕೆ ಬೇಕಾಗದೆ ಉಳಿದ ಸಕ್ಕರೆಯು ಬಹುತೇಕ ಸಸ್ಯಗಳ ಎಲೆಗಳಲ್ಲಿ ಪಿಷ್ಟದ ರೂಪದಲ್ಲಿ ಶೇಖರವಾಗುತ್ತದೆ. ಅಲ್ಲಿಂದ ಅದು ಕಾಳು, ಗೆಡ್ಡೆ, ಹಣ್ಣು ಮತ್ತು ಕಾಂಡಗಳಿಗೆ ಸಾಗುತ್ತದೆ. ಮುದ್ದೆಯಲ್ಲಿನ ರಾಗಿ, ತಟ್ಟೆಯಲ್ಲಿನ ಅನ್ನ, ಕಬ್ಬಿನಿಂದ ಬಂದ ಬೆಲ್ಲ, ಇವೆಲ್ಲವೂ ಮೂಲತಃ ಎಲೆಯಲ್ಲಿ ತಯಾರಾದ ಸಕ್ಕರೆಯ ಬೇರೆ ಬೇರೆ ರೂಪಗಳೇ ಆಗಿವೆ.

3. ಜಮಾ ಮತ್ತು ಖರ್ಚಿನ ತಾಳೆ

ಈ ಕ್ರಿಯೆಯ ಸಮೀಕರಣವನ್ನು ಮಕ್ಕಳು ಚಿಹ್ನೆಗಳ ಸಾಲಾಗಿ ಕಲಿಯುತ್ತಾರೆ. ಅದನ್ನು ಒಂದು ಲೆಕ್ಕಪತ್ರದಂತೆ ಬರೆದು ತೋರಿಸಿದಲ್ಲಿ ಅರ್ಥ ಸುಲಭವಾಗುತ್ತದೆ. 180 ಗ್ರಾಂ ಗ್ಲೂಕೋಸ್ ತಯಾರಾಗಲು ಸಸ್ಯದ ಲೆಕ್ಕವು ಹೀಗಿರುತ್ತದೆ:

ಒಳಬಂದದ್ದು:
ಇಂಗಾಲದ ಡೈಆಕ್ಸೈಡ್ - 264 ಗ್ರಾಂ
ನೀರು (ನಿವ್ವಳ) - 108 ಗ್ರಾಂ
ಒಟ್ಟು - 372 ಗ್ರಾಂ

ತಯಾರಾದದ್ದು:
ಗ್ಲೂಕೋಸ್ - 180 ಗ್ರಾಂ
ಆಮ್ಲಜನಕ - 192 ಗ್ರಾಂ
ಒಟ್ಟು - 372 ಗ್ರಾಂ

ಎರಡೂ ಕಡೆಯ ಮೊತ್ತವು ತಾಳೆಯಾಗುತ್ತದೆ. ಈ ಲೆಕ್ಕದಲ್ಲಿ ಮಣ್ಣಿಗೆ ಒಂದು ಸಾಲೂ ಇಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸುವಂತೆ ಮಾಡಬೇಕು. ಬೆಳಕಿಗೂ ತೂಕದ ಸಾಲಿಲ್ಲ. ಏಕೆಂದರೆ ಬೆಳಕು ಸಾಮಗ್ರಿಯಲ್ಲ, ಕೆಲಸ ನಡೆಸುವ ಶಕ್ತಿ. ಆ ಶಕ್ತಿಯು ಸಕ್ಕರೆಯಲ್ಲಿ ಶೇಖರವಾಗಿ ಉಳಿಯುತ್ತದೆ.

ನೀರಿನ ಮುಂದೆ "ನಿವ್ವಳ" ಎಂದು ಬರೆದಿರುವುದಕ್ಕೆ ಕಾರಣವಿದೆ. ಹೊರಬರುವ ಆಮ್ಲಜನಕವೆಲ್ಲವೂ ನೀರಿನಿಂದ ಬಂದದ್ದು, ಇಂಗಾಲದ ಡೈಆಕ್ಸೈಡಿನಿಂದಲ್ಲ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಭಾರ ಆಮ್ಲಜನಕವನ್ನು ಗುರುತಾಗಿ ಬಳಸಿ ಇದಕ್ಕೆ ನೇರ ಪುರಾವೆ ಒದಗಿಸಿದರು. 192 ಗ್ರಾಂ ಆಮ್ಲಜನಕ ಬರಲು 216 ಗ್ರಾಂ ನೀರು ಒಡೆಯಬೇಕು; ಕ್ರಿಯೆಯ ಮುಂದಿನ ಹಂತದಲ್ಲಿ 108 ಗ್ರಾಂ ನೀರು ಮತ್ತೆ ಉಂಟಾಗುತ್ತದೆ. ಉಳಿದ ನಿವ್ವಳ ಖರ್ಚು 108 ಗ್ರಾಂ. ಈ ವಿವರವು ಹಿರಿಯ ವಿದ್ಯಾರ್ಥಿಗಳಿಗೆ ಮಾತ್ರ ಅವಶ್ಯ.

4. ಕಲಿಸುವ ಕ್ರಮ

ವ್ಯಾಖ್ಯೆಯಿಂದ ಆರಂಭಿಸುವ ಬದಲು, ವಿದ್ಯಾರ್ಥಿಯು ಕಣ್ಣಾರೆ ಕಂಡದ್ದರಿಂದ ಆರಂಭಿಸಿ ಕೊನೆಗೆ ವ್ಯಾಖ್ಯೆಯನ್ನು ತಲುಪುವುದು ಸೂಕ್ತ.

ಹಂತ 1: ಒಲೆಯ ಬೂದಿ

ಒಂದು ಹೊರೆ ಒಣ ಸೌದೆಯನ್ನು ಉರಿಸಿದ ನಂತರ ಉಳಿಯುವ ಬೂದಿಯನ್ನು ವಿದ್ಯಾರ್ಥಿಗೆ ತೋರಿಸಬೇಕು. ಸೌದೆಯು ಹೊರೆಯಷ್ಟಿತ್ತು, ಬೂದಿಯು ಹಿಡಿಯಷ್ಟಾಗಿದೆ. ಮರವು ಮಣ್ಣಿನಿಂದ ಪಡೆದ ಲವಣಗಳು ಬಹುಮಟ್ಟಿಗೆ ಆ ಬೂದಿಯಲ್ಲಿವೆ. ಉಳಿದದ್ದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ, ಬಂದಲ್ಲಿಗೇ ಹಿಂದಿರುಗಿದೆ. ಬೆಂಕಿಯ ಶಾಖ ಮತ್ತು ಬೆಳಕು ಹಿಂದೆ ಎಲೆಗಳು ಹೀರಿಕೊಂಡ ಬಿಸಿಲೇ ಆಗಿದೆ. ಒಣಗಿದ ಸಸ್ಯದ ತೂಕದಲ್ಲಿ ಶೇಕಡಾ 90ಕ್ಕೂ ಹೆಚ್ಚು ಭಾಗವು ಇಂಗಾಲ, ಆಮ್ಲಜನಕ ಮತ್ತು ಜಲಜನಕಗಳಿಂದ ಕೂಡಿರುತ್ತದೆ. ಇವು ಗಾಳಿ ಮತ್ತು ನೀರಿನಿಂದ ಬಂದವು.

ಹಂತ 2: ಹಿಂದಿನವರು ನಡೆಸಿದ ಪರೀಕ್ಷೆಗಳು

ಮೇಲಿನ ವಿಷಯವನ್ನು ಅರಿಯಲು ಮನುಷ್ಯರಿಗೆ ಬಹುಕಾಲ ಹಿಡಿಯಿತು. ಇಂದಿನ ಬೆಲ್ಜಿಯಂ ದೇಶಕ್ಕೆ ಸೇರಿದ ವಾನ್ ಹೆಲ್ಮಾಂಟ್ ಎಂಬ ವೈದ್ಯರು 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡ್ ತೂಕದ ವಿಲ್ಲೋ ಸಸಿಯನ್ನು ನೆಟ್ಟು ನೀರನ್ನು ಮಾತ್ರ ಹಾಕಿ 5 ವರ್ಷ ಬೆಳೆಸಿದರು. ಮರವು 169 ಪೌಂಡ್‌ಗಿಂತ ಸ್ವಲ್ಪ ಹೆಚ್ಚು, ಅಂದರೆ ಸುಮಾರು 77 ಕಿಲೋಗ್ರಾಂ ತೂಗಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸ್, ಅಂದರೆ 60 ಗ್ರಾಂಗಿಂತಲೂ ಕಡಿಮೆ. ಅವರ ಮರಣಾನಂತರ, 1648ರಲ್ಲಿ, ಈ ವಿವರವು ಪ್ರಕಟವಾಯಿತು. ಮರವೆಲ್ಲವೂ ನೀರಿನಿಂದಲೇ ಆಗಿದೆ ಎಂದು ಅವರು ತೀರ್ಮಾನಿಸಿದರು. ಮಣ್ಣಿನ ವಿಷಯದಲ್ಲಿ ಅವರ ಲೆಕ್ಕ ಸರಿಯಿತ್ತು. ಗಾಳಿಯು ಲೆಕ್ಕದಿಂದ ಬಿಟ್ಟುಹೋಗಿತ್ತು. "ಗ್ಯಾಸ್" ಎಂಬ ಪದವನ್ನು ಬಳಕೆಗೆ ತಂದವರೂ, ಇದ್ದಿಲು ಉರಿದಾಗ ಬರುವ ಅನಿಲವನ್ನು ಗುರುತಿಸಿದವರೂ ಇವರೇ ಎಂಬುದು ಗಮನಾರ್ಹ.

1771ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಅವರು ಮೇಣದಬತ್ತಿ ಉರಿದು ಆರಿದ ಗಾಳಿಯಲ್ಲಿ ಪುದೀನದ ಕುಡಿಯೊಂದನ್ನು ಇಟ್ಟರು. 10 ದಿನಗಳ ನಂತರ ಅದೇ ಗಾಳಿಯಲ್ಲಿ ಮೇಣದಬತ್ತಿಯು ಮತ್ತೆ ಉರಿಯಿತು. 1779ರಲ್ಲಿ ಯಾನ್ ಇಂಗೆನ್‌ಹೌಸ್ ಎಂಬ ವೈದ್ಯರು ಈ ಕೆಲಸವನ್ನು ಸಸ್ಯದ ಹಸಿರು ಭಾಗಗಳು ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ ಮಾಡುತ್ತವೆ ಎಂದು ತೋರಿಸಿಕೊಟ್ಟರು. ಭಾರತದಲ್ಲಿ ಜಗದೀಶಚಂದ್ರ ಬೋಸ್ ಅವರು ನೀರಿನಲ್ಲಿ ಬೆಳೆಯುವ ಹೈಡ್ರಿಲ್ಲ ಗಿಡದಿಂದ ಹೊರಬರುವ ಆಮ್ಲಜನಕದ ಗುಳ್ಳೆಗಳನ್ನು ದಾಖಲಿಸುವ ಉಪಕರಣವನ್ನು ರೂಪಿಸಿದರು. ಈ ವಿಷಯವಾಗಿ ಅವರ ಗ್ರಂಥವು 1924ರಲ್ಲಿ ಪ್ರಕಟವಾಯಿತು. ಸಕ್ಕರೆಯು ಹಂತಹಂತವಾಗಿ ತಯಾರಾಗುವ ಬಗೆಯನ್ನು ಕಂಡುಹಿಡಿದ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ವಿದ್ವಾಂಸರಿಗೇ ನೂರಾರು ವರ್ಷ ಹಿಡಿದ ವಿಷಯದ ಬಗ್ಗೆ ವಿದ್ಯಾರ್ಥಿಯು ಪ್ರಶ್ನೆ ಕೇಳುವುದು ಸಹಜ. "ಪುಸ್ತಕದಲ್ಲಿ ಇರುವಷ್ಟು ಬರೆ" ಎಂದು ಹೇಳಿ ಸುಮ್ಮನಿರಿಸುವುದು ಸರಿಯಲ್ಲ.

ಹಂತ 3: ಗುಳ್ಳೆಗಳ ಪರೀಕ್ಷೆ

ಗಾಜಿನ ಪಾತ್ರೆಯಲ್ಲಿ ನೀರು ತುಂಬಿ, ಚಿಟಿಕೆ ಅಡುಗೆ ಸೋಡಾ ಬೆರೆಸಿ, ಹೈಡ್ರಿಲ್ಲ ಗಿಡದ ಕೆಲವು ತುಂಡುಗಳನ್ನು ಕತ್ತರಿಸಿದ ತುದಿ ಮೇಲ್ಮುಖವಾಗಿರುವಂತೆ ಮುಳುಗಿಸಬೇಕು. ಸೋಡಾವು ಇಂಗಾಲವನ್ನು ಒದಗಿಸುತ್ತದೆ. ಪಾತ್ರೆಯನ್ನು ಬಿಸಿಲಿನಲ್ಲಿ ಇಟ್ಟಾಗ ತುದಿಯಿಂದ ಗುಳ್ಳೆಗಳು ಏಳುತ್ತವೆ. ಒಂದು ನಿಮಿಷದಲ್ಲಿ ಎಷ್ಟು ಗುಳ್ಳೆಗಳು ಬಂದವು ಎಂದು ಎಣಿಸಿ, ನಂತರ ಪಾತ್ರೆಯನ್ನು ನೆರಳಿನಲ್ಲಿಟ್ಟು ಮತ್ತೆ ಎಣಿಸಬೇಕು. ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸವನ್ನು ವಿದ್ಯಾರ್ಥಿಯೇ ಬರೆದಿಡತಕ್ಕದ್ದು.

ಹಂತ 4: ಪಿಷ್ಟದ ಪರೀಕ್ಷೆ

ಮೊದಲಿಗೆ ಸ್ವಲ್ಪ ಅನ್ನದ ಗಂಜಿ, ಆಲೂಗೆಡ್ಡೆಯ ಹೋಳು ಮತ್ತು ರಾಗಿ ಹಿಟ್ಟಿನ ಮೇಲೆ ತೆಳುವಾದ ಅಯೋಡಿನ್ ದ್ರಾವಣವನ್ನು ಒಂದೊಂದು ತೊಟ್ಟು ಹಾಕಿ, ನೀಲಿಮಿಶ್ರಿತ ಕಪ್ಪು ಬಣ್ಣ ಬರುವುದನ್ನು ತೋರಿಸಬೇಕು. ಪಿಷ್ಟವಿದ್ದಲ್ಲಿ ಈ ಬಣ್ಣ ಬರುತ್ತದೆ ಎಂಬುದು ಖಚಿತವಾದ ನಂತರವೇ ಎಲೆಯ ಪರೀಕ್ಷೆಗೆ ಮುಂದುವರಿಯಬೇಕು. ಅಯೋಡಿನ್ ತಾಗಿದ ಆಹಾರವನ್ನು ಸೇವಿಸಬಾರದು.

ಎಲೆಯ ಪರೀಕ್ಷೆಯನ್ನು ಶಾಲೆಯಲ್ಲಿ ಶಿಕ್ಷಕರು ನಡೆಸಿಕೊಡಬೇಕು. ಅನುಸರಿಸಬೇಕಾದ ಕ್ರಮ:

(ಅ) ಕುಂಡದಲ್ಲಿರುವ ಗಿಡವನ್ನು 2 ರಿಂದ 3 ದಿನ ಕತ್ತಲೆಯಲ್ಲಿ ಇಡುವುದು. ಎಲೆಯಲ್ಲಿ ಮೊದಲೇ ಇರುವ ಪಿಷ್ಟವು ಈ ಅವಧಿಯಲ್ಲಿ ಖರ್ಚಾಗುತ್ತದೆ. ಪ್ರಾರಂಭಿಕ ಶಿಲ್ಕು ಸೊನ್ನೆಯಾದ ಮೇಲೆ ಕಂಡುಬರುವ ಪಿಷ್ಟವು ಹೊಸದಾಗಿ ತಯಾರಾದದ್ದೇ ಎಂದು ಹೇಳಬಹುದು. ಈ ಕಾರಣವನ್ನು ತಿಳಿಸದೆ ಹಂತವನ್ನು ಮಾತ್ರ ಬರೆಸಬಾರದು.

(ಆ) ಒಂದು ಎಲೆಯ ಮಧ್ಯಭಾಗಕ್ಕೆ ಎರಡೂ ಬದಿಯಿಂದ ಕಪ್ಪು ಕಾಗದವನ್ನು ಕ್ಲಿಪ್ಪಿನಿಂದ ಸಿಕ್ಕಿಸಿ, ಗಿಡವನ್ನು ಸುಮಾರು 6 ಗಂಟೆ ಬಿಸಿಲಿನಲ್ಲಿ ಇಡುವುದು.

(ಇ) ಎಲೆಯನ್ನು ಕಿತ್ತು, ಕಾಗದ ತೆಗೆದು, ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಮುಳುಗಿಸುವುದು. ನಂತರ ಬಿಸಿನೀರಿನಲ್ಲಿಟ್ಟ ಪ್ರನಾಳದೊಳಗಿನ ಸ್ಪಿರಿಟ್‌ನಲ್ಲಿ ಹಸಿರು ಬಣ್ಣ ಹೋಗುವವರೆಗೆ ಇಡುವುದು.

(ಈ) ಬಿಳಿಚಿದ ಎಲೆಯನ್ನು ನೀರಿನಲ್ಲಿ ತೊಳೆದು ಅಯೋಡಿನ್ ಹಾಕುವುದು. ಬಿಸಿಲು ಬಿದ್ದ ಭಾಗವು ಕಪ್ಪಾಗುತ್ತದೆ. ಕಾಗದ ಮುಚ್ಚಿದ್ದ ಭಾಗವು ಅಯೋಡಿನ್ನಿನ ಕಂದು ಬಣ್ಣದಲ್ಲಿಯೇ ಉಳಿಯುತ್ತದೆ.

ಹಸಿರು ಮತ್ತು ಬಿಳಿ ಮಚ್ಚೆಗಳುಳ್ಳ ಎಲೆಯನ್ನು ಕಾಗದ ಸಿಕ್ಕಿಸದೆ ಇದೇ ರೀತಿ ಪರೀಕ್ಷಿಸಿದಲ್ಲಿ, ಹಸಿರಿದ್ದ ಭಾಗ ಮಾತ್ರ ಕಪ್ಪಾಗುವುದು ಕಂಡುಬರುತ್ತದೆ. ಈರುಳ್ಳಿಯಂತಹ ಕೆಲವು ಸಸ್ಯಗಳು ಎಲೆಯಲ್ಲಿ ಪಿಷ್ಟವನ್ನು ಶೇಖರಿಸುವುದಿಲ್ಲವಾದ್ದರಿಂದ ಅವುಗಳನ್ನು ಈ ಪರೀಕ್ಷೆಗೆ ಆರಿಸಿಕೊಳ್ಳಬಾರದು.

5. ಸುರಕ್ಷತಾ ಸೂಚನೆಗಳು (ಕಡ್ಡಾಯವಾಗಿ ಓದತಕ್ಕದ್ದು)

(ಅ) ಸ್ಪಿರಿಟ್ ಅತಿ ಸುಲಭವಾಗಿ ಬೆಂಕಿ ಹಿಡಿಯುತ್ತದೆ. ಅದರ ಆವಿಯು ಗಾಳಿಗಿಂತ ಭಾರವಾಗಿದ್ದು, ಕಣ್ಣಿಗೆ ಕಾಣದಂತೆ ಮೇಜಿನ ಮೇಲೆ ಹರಡಿ ದೂರದ ಉರಿಯನ್ನು ತಲುಪಬಲ್ಲದು. ಆದ್ದರಿಂದ ಅದನ್ನು ಎಂದಿಗೂ ನೇರವಾಗಿ ಉರಿಯ ಮೇಲೆ ಕಾಯಿಸಬಾರದು.

(ಆ) ಮೊದಲು ನೀರನ್ನು ಕಾಯಿಸಿ, ಉರಿಯನ್ನು ಪೂರ್ತಿ ಆರಿಸಿ, ಅನಂತರವೇ ಸ್ಪಿರಿಟ್ ಬಾಟಲಿಯನ್ನು ತೆರೆಯಬೇಕು. ಸ್ಪಿರಿಟ್ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವುದರಿಂದ ಆಗತಾನೆ ಕುದಿಸಿದ ನೀರಿನ ಶಾಖವೇ ಸಾಕಾಗುತ್ತದೆ.

(ಇ) ಉರಿಯುತ್ತಿರುವ ಸ್ಪಿರಿಟ್ ದೀಪಕ್ಕೆ ಸ್ಪಿರಿಟ್ ಸುರಿಯಬಾರದು.

(ಈ) ಈ ಪರೀಕ್ಷೆಯನ್ನು ಮನೆಯ ಅಡುಗೆಮನೆಯಲ್ಲಿ ಮಾಡಕೂಡದು. ಶಾಲೆಯಲ್ಲಿಯೂ ವಿದ್ಯಾರ್ಥಿಗಳು ಒಬ್ಬರೇ ಮಾಡಲು ಬಿಡಬಾರದು.

(ಉ) ಸುಟ್ಟ ಗಾಯವಾದಲ್ಲಿ ಆ ಭಾಗದ ಮೇಲೆ 20 ನಿಮಿಷಗಳ ಕಾಲ ತಣ್ಣೀರು ಹರಿಸಬೇಕು. ಶಾಯಿ, ಟೂತ್‌ಪೇಸ್ಟ್ ಮುಂತಾದವನ್ನು ಹಚ್ಚಬಾರದು. ಗಾಯ ತೀವ್ರವಾಗಿದ್ದಲ್ಲಿ 108ಕ್ಕೆ ಕರೆ ಮಾಡುವುದು.

(ಊ) ಹೈಡ್ರಿಲ್ಲ ಗಿಡವನ್ನು ತರಲು ಮಕ್ಕಳನ್ನು ಕೆರೆ, ಕುಂಟೆ ಅಥವಾ ಕೃಷಿಹೊಂಡಗಳಿಗೆ ಕಳುಹಿಸಬಾರದು. ಹಿರಿಯರೇ ತಂದುಕೊಡಬೇಕು, ಅಥವಾ ಅಲಂಕಾರಿಕ ಮೀನು ಮಾರುವ ಅಂಗಡಿಗಳಲ್ಲಿ ದೊರೆಯುವ ನೀರಿನ ಗಿಡಗಳನ್ನು ಬಳಸಬಹುದು. ಯಾವ ಪ್ರಯೋಗವೂ ಮಗುವಿನ ಜೀವಕ್ಕಿಂತ ಹೆಚ್ಚಿನದಲ್ಲ.

6. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗೊಬ್ಬರವು ಸಸ್ಯದ ಆಹಾರವಲ್ಲವೇ?
ಉತ್ತರ: ಅಲ್ಲ. ಗೊಬ್ಬರವು ಸಾರಜನಕ, ರಂಜಕ, ಪೊಟ್ಯಾಸಿಯಂ ಮುಂತಾದ ಪೋಷಕಾಂಶಗಳನ್ನು ಒದಗಿಸುತ್ತದೆ. ಇವು ತೂಕದಲ್ಲಿ ಅಲ್ಪವಾದರೂ ಅವಶ್ಯ. ಪತ್ರಹರಿತ್ತು ತಯಾರಾಗಲು ಸಾರಜನಕ ಮತ್ತು ಮೆಗ್ನೀಸಿಯಂ ಬೇಕು. ಸಾರಜನಕದ ಕೊರತೆಯಾದಾಗ ಎಲೆ ಹಳದಿಯಾಗುವುದು ಇದೇ ಕಾರಣದಿಂದ. ಆದರೆ ಸಸ್ಯಕ್ಕೆ ಶಕ್ತಿ ನೀಡುವ ಆಹಾರವು ಎಲೆಯಲ್ಲಿಯೇ ತಯಾರಾಗಬೇಕು. ನೆರಳಿನಲ್ಲಿ ಸೊರಗಿದ ಗಿಡವನ್ನು ಗೊಬ್ಬರದಿಂದ ಸರಿಪಡಿಸಲಾಗುವುದಿಲ್ಲ.

ಪ್ರಶ್ನೆ: ಮಳೆ ಕೈಕೊಟ್ಟಾಗ ಗಿಡ ಹಸಿರಾಗಿದ್ದರೂ ಬೆಳವಣಿಗೆ ನಿಲ್ಲುವುದೇಕೆ?
ಉತ್ತರ: ನೀರಿನ ಅಭಾವವಾದಾಗ ಸಸ್ಯವು ಆವಿಯಾಗುವ ನೀರನ್ನು ಉಳಿಸಿಕೊಳ್ಳಲು ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಅದೇ ರಂಧ್ರಗಳಿಂದ ಬರಬೇಕಾದ ಇಂಗಾಲದ ಡೈಆಕ್ಸೈಡ್ ಸಹ ನಿಂತುಹೋಗುತ್ತದೆ. ಬಿಸಿಲು ಮತ್ತು ಪತ್ರಹರಿತ್ತು ಇದ್ದರೂ ಸಾಮಗ್ರಿ ಇಲ್ಲದೆ ಕೆಲಸ ಕುಂಠಿತವಾಗುತ್ತದೆ.

ಪ್ರಶ್ನೆ: ಒಣಹವೆಯಲ್ಲಿ ಭತ್ತಕ್ಕಿಂತ ರಾಗಿ, ಜೋಳಗಳು ಹೆಚ್ಚು ತಾಳಿಕೊಳ್ಳುವುದೇಕೆ?
ಉತ್ತರ: ಇದಕ್ಕೆ ಹಲವು ಕಾರಣಗಳಿವೆ; ದ್ಯುತಿಸಂಶ್ಲೇಷಣೆಯ ಕ್ರಮವೂ ಅವುಗಳಲ್ಲೊಂದು. ರಾಗಿ, ಜೋಳ, ಮುಸುಕಿನ ಜೋಳ ಮತ್ತು ಕಬ್ಬಿನ ಎಲೆಗಳಲ್ಲಿ ಒಂದು ಗುಂಪಿನ ಜೀವಕೋಶಗಳು ಇಂಗಾಲದ ಡೈಆಕ್ಸೈಡನ್ನು ಹಿಡಿದು, ಸಕ್ಕರೆ ತಯಾರಿಸುವ ಒಳಗಿನ ಜೀವಕೋಶಗಳಿಗೆ ಒತ್ತಾಗಿ ಒದಗಿಸುತ್ತವೆ. ಹೀಗಾಗಿ ಪತ್ರರಂಧ್ರಗಳನ್ನು ಕಡಿಮೆ ತೆರೆದಿದ್ದರೂ ಕೆಲಸ ಸಾಗುತ್ತದೆ ಮತ್ತು ನೀರು ಉಳಿತಾಯವಾಗುತ್ತದೆ. ಭತ್ತದಲ್ಲಿ ಈ ಏರ್ಪಾಡು ಇರುವುದಿಲ್ಲ.

ಪ್ರಶ್ನೆ: ಸಸ್ಯಗಳು ಹಗಲಿನಲ್ಲಿ ಆಮ್ಲಜನಕ ಬಿಟ್ಟು, ರಾತ್ರಿ ಮಾತ್ರ ಉಸಿರಾಡುತ್ತವೆಯೇ?
ಉತ್ತರ: ಇಲ್ಲ. ಸಸ್ಯಗಳು ಹಗಲು ರಾತ್ರಿ ಎರಡೂ ಹೊತ್ತು ಉಸಿರಾಡುತ್ತವೆ. ಹಗಲಿನಲ್ಲಿ ತಯಾರಾಗುವ ಆಮ್ಲಜನಕವು ಉಸಿರಾಟಕ್ಕೆ ಖರ್ಚಾಗುವುದಕ್ಕಿಂತ ಹೆಚ್ಚಿರುವುದರಿಂದ ಹೊರಬರುತ್ತದೆ. ರಾತ್ರಿ ಉಸಿರಾಟ ಮಾತ್ರ ನಡೆಯುತ್ತದೆ. ರಾತ್ರಿ ಮರದ ಕೆಳಗೆ ಮಲಗಿದವರಿಗೆ ಮರದ ಉಸಿರಾಟದಿಂದ ಗಾಳಿ ಸಾಲದೆ ಹೋಗುತ್ತದೆ ಎಂಬುದು ಸರಿಯಲ್ಲ. ಬಯಲಿನ ಗಾಳಿಯಲ್ಲಿ ಆ ಅನಿಲವು ಚದುರಿಹೋಗುತ್ತದೆ.

ಪ್ರಶ್ನೆ: ಅರಳಿಮರವು ರಾತ್ರಿಯೂ ಆಮ್ಲಜನಕ ಬಿಡುತ್ತದೆಯೇ?
ಉತ್ತರ: ಇಲ್ಲ. ಆಮ್ಲಜನಕ ಉಂಟಾಗಲು ಬೆಳಕು ಅವಶ್ಯ. ಕತ್ತಾಳೆ, ಅನಾನಸ್‌ನಂತಹ ಸಸ್ಯಗಳು ನೀರು ಉಳಿಸಲು ರಾತ್ರಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಕೂಡಿಟ್ಟುಕೊಳ್ಳುತ್ತವೆ. ಆದರೆ ಅವೂ ಆಮ್ಲಜನಕವನ್ನು ಹಗಲಿನಲ್ಲಿಯೇ ತಯಾರಿಸುತ್ತವೆ. ಅರಳಿಮರಕ್ಕೆ ಸಲ್ಲುವ ಗೌರವವು ಈ ಕಾರಣದಿಂದ ಕಡಿಮೆಯಾಗಬೇಕಿಲ್ಲ.

ಪ್ರಶ್ನೆ: ಕೆಂಪು ಎಲೆಯ ಗಿಡಗಳು ಆಹಾರ ತಯಾರಿಸುವುದು ಹೇಗೆ?
ಉತ್ತರ: ಅವುಗಳಲ್ಲಿಯೂ ಪತ್ರಹರಿತ್ತು ಇರುತ್ತದೆ, ಬೇರೆ ಬಣ್ಣವು ಅದನ್ನು ಮರೆಮಾಡಿರುತ್ತದೆ. ಕೆಂಪು ದಂಟಿನ ಸೊಪ್ಪನ್ನು ಬೇಯಿಸಿದಾಗ ಕೆಂಪು ಬಣ್ಣವು ನೀರಿಗೆ ಇಳಿದು, ಸೊಪ್ಪು ಹಸಿರಾಗಿ ಕಾಣುವುದನ್ನು ಮನೆಯಲ್ಲಿಯೇ ಮಕ್ಕಳಿಗೆ ತೋರಿಸಬಹುದು.

7. ವಿದ್ಯಾರ್ಥಿಯು ಕಲಿತಿರುವುದನ್ನು ಖಚಿತಪಡಿಸಿಕೊಳ್ಳುವ ಬಗೆ

ಪೋಷಕರು ಸ್ವತಃ ವಿಜ್ಞಾನ ಓದಿರಬೇಕೆಂದಿಲ್ಲ. ಈ ಕೆಳಗಿನ ಪ್ರಶ್ನೆಗಳನ್ನು ಕೇಳಿ, ಮಗುವು ಪುಸ್ತಕ ನೋಡದೆ ತನ್ನ ಮಾತಿನಲ್ಲಿ ಉತ್ತರಿಸುವುದೇ ಎಂದು ಗಮನಿಸಿದರೆ ಸಾಕು:

(ಅ) ಸುಟ್ಟ ಸೌದೆಯ ತೂಕ ಎಲ್ಲಿಗೆ ಹೋಯಿತು? ಮರ ಬೆಳೆಯುವಾಗ ಅದು ಎಲ್ಲಿಂದ ಬಂದಿತ್ತು?
(ಆ) ಪರೀಕ್ಷೆಗೆ ಮುನ್ನ ಗಿಡವನ್ನು ಕತ್ತಲೆಯಲ್ಲಿ ಇಟ್ಟದ್ದೇಕೆ?
(ಇ) ಹುಳು ಎಲೆಯನ್ನು ಮಾತ್ರ ತಿಂದರೂ ಕಾಳು ಜೊಳ್ಳಾಗುವುದೇಕೆ?
(ಈ) ತಟ್ಟೆಯಲ್ಲಿರುವ ಅನ್ನಕ್ಕೂ ಬಿಸಿಲಿಗೂ ಇರುವ ಸಂಬಂಧವೇನು?

ಈ ನಾಲ್ಕಕ್ಕೂ ಸಮರ್ಪಕವಾಗಿ ಉತ್ತರಿಸಬಲ್ಲ ವಿದ್ಯಾರ್ಥಿಗೆ ವ್ಯಾಖ್ಯೆಯನ್ನು ಬರೆಯುವುದು ಕಷ್ಟವಾಗದು. ಉತ್ತರ ಬಾರದಿದ್ದಲ್ಲಿ ಮಗುವನ್ನು ಗದರಿಸದೆ, ಒಲೆಯ ಬೂದಿಯಿಂದ ಮತ್ತೊಮ್ಮೆ ಆರಂಭಿಸುವುದು ಸೂಕ್ತ. ಹೆಚ್ಚಿನ ಸಂದೇಹಗಳಿದ್ದಲ್ಲಿ ಶಾಲೆಯ ವಿಜ್ಞಾನ ಶಿಕ್ಷಕರನ್ನು ಶಾಲಾ ವೇಳೆಯಲ್ಲಿ ಸಂಪರ್ಕಿಸಬಹುದು. ಇದಕ್ಕಾಗಿ ಯಾವುದೇ ಅರ್ಜಿಯಾಗಲೀ ಶುಲ್ಕವಾಗಲೀ ಅಗತ್ಯವಿರುವುದಿಲ್ಲ.